ಸೈಕಲ್ ಹ್ಯಾಂಡಲ್‌ಗೆ ಹುರಿ ಸುತ್ತುವುದು: ಬಿಗಿ ಮೊದಲು, ಪಾಲಿಷ್ ಆಮೇಲೆ

ಹ್ಯಾಂಡಲ್‌ಗೆ ಹುರಿ ಸುತ್ತಿದ ಸೈಕಲ್ಲುಗಳಲ್ಲಿ ಎರಡು ತಿಂಗಳಿಗೆ ಕಾಣಿಸಿಕೊಳ್ಳುವ ತೊಂದರೆ ಹೆಚ್ಚಾಗಿ ಒಂದೇ. ಹುರಿ ಹರಿದಿರುವುದಿಲ್ಲ, ಬಣ್ಣ ಕೆಟ್ಟಿರುವುದಿಲ್ಲ. ಸುತ್ತಿದ್ದೆಲ್ಲ ಒಟ್ಟಾಗಿ ಕೈಬಳೆಯ ಹಾಗೆ ಪೈಪಿನ ಮೇಲೆ ತಿರುಗುತ್ತಿರುತ್ತದೆ. ಆಗ ಮೇಲೆ ಇನ್ನೊಂದು ಕೋಟ್ ಪಾಲಿಷ್ ಬಳಿದು ನೋಡುತ್ತಾರೆ. ಒಂದು ವಾರ ಸರಿಯಿದ್ದಂತೆ ಕಾಣುತ್ತದೆ, ಮತ್ತೆ ತಿರುಗುತ್ತದೆ. ಹುರಿಯನ್ನು ಪೈಪಿಗೆ ಹಿಡಿದಿಡುವುದು ಸುತ್ತುವಾಗ ಕೊಟ್ಟ ಬಿಗಿ ಮತ್ತು ಎರಡು ತುದಿಗಳನ್ನು ಒಳಗೆ ಸೇರಿಸಿದ ರೀತಿ. ಪಾಲಿಷ್ ಬೆವರು, ಕೊಳೆಯಿಂದ ಒಂದಿಷ್ಟು ಕಾಪಾಡುತ್ತದೆ, ಅಷ್ಟೇ. ಬುಗುರಿಗೆ ಚಾಟಿ ಸುತ್ತಿ ಅಭ್ಯಾಸ ಇರುವವರಿಗೆ ಅರ್ಧ ಪಾಠ ಆಗಲೇ ಆಗಿದೆ: ಒಂದು ಸುತ್ತು ಇನ್ನೊಂದರ ಪಕ್ಕಕ್ಕೆ ಒತ್ತಿ ಕೂರಬೇಕು, ಮೇಲೆ ಹತ್ತಬಾರದು, ಕೈ ಎಲ್ಲೂ ಸಡಿಲ ಬಿಡಬಾರದು.

ರಬ್ಬರ್ ಗ್ರಿಪ್ ಸಿಗುವಾಗ ಇದೆಲ್ಲ ಯಾಕೆ ಎನ್ನುವವರಿಗೆ: ಅಗ್ಗದ ರಬ್ಬರ್ ಗ್ರಿಪ್ ಕೆಲವು ಬೇಸಿಗೆ ಕಂಡ ಮೇಲೆ ಅಂಟಂಟಾಗಿ ಕೈಗೆ ಕರಿ ಹತ್ತುತ್ತದೆ. ಹುರಿಯ ಹಿಡಿ ಬೆವರು ಹೀರಿಕೊಳ್ಳುತ್ತದೆ, ಹಾಳಾದರೆ ಬಿಚ್ಚಿ ಮತ್ತೆ ಸುತ್ತಬಹುದು, ಕೈಗೆ ಬೇಕಾದ ದಪ್ಪಕ್ಕೆ ಕಟ್ಟಿಕೊಳ್ಳಬಹುದು. ಆದರೆ ಅದು ಮೆತ್ತಗಿರುವುದಿಲ್ಲ. ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರ್ ತುಳಿಯುವವರು, ಅಂಗೈ ಜೋಮು ಹಿಡಿಯುವ ತೊಂದರೆ ಇರುವವರು ಅಡಿಯಲ್ಲಿ ದಪ್ಪ ಟೇಪು ಹಾಕದೆ ಬರಿ ಹುರಿ ಸುತ್ತಿಕೊಂಡರೆ ಪಶ್ಚಾತ್ತಾಪ ಪಡುತ್ತಾರೆ. ಪೇಟೆಗೆ, ಶಾಲೆಗೆ, ತೋಟಕ್ಕೆ ಹೋಗಿಬರುವ ಸೈಕಲ್ಲಿಗೆ ಇದು ಚೆನ್ನ.

ಮೊದಲು ಅಳತೆ. ಹಳೇ ಕರಿ ಸೈಕಲ್ಲಿನಿಂದ ಹಿಡಿದು ಇವತ್ತಿನ ಗೇರ್ ಸೈಕಲ್ಲಿನವರೆಗೆ, ನೇರ ಅಥವಾ ಹಿಂದಕ್ಕೆ ಬಾಗಿದ ಹ್ಯಾಂಡಲ್ಲುಗಳಲ್ಲಿ ಕೈ ಹಿಡಿಯುವ ಜಾಗದ ಹೊರವ್ಯಾಸ ಸಾಮಾನ್ಯವಾಗಿ 22.2 ಮಿ.ಮೀ., ಅಂದರೆ ಒಂದಿಂಚಿನ ಎಂಟು ಪಾಲಿನಲ್ಲಿ ಏಳು. ಕುರಿಕೊಂಬಿನಂತೆ ಕೆಳಕ್ಕೆ ಸುತ್ತಿದ ರೇಸ್ ಹ್ಯಾಂಡಲ್ಲಿನಲ್ಲಿ ಇದು 23.8 ಮಿ.ಮೀ. ಮಾಮೂಲಿ ರಬ್ಬರ್ ಗ್ರಿಪ್ಪಿನ ಹೊರವ್ಯಾಸ 30 ಮಿ.ಮೀ. ಆಸುಪಾಸು ಇರುತ್ತದೆ. 2 ಮಿ.ಮೀ. ದಪ್ಪದ ಹುರಿಯನ್ನು ಒಂದು ಪದರ ಸುತ್ತಿದರೆ ಒಟ್ಟು 26.2 ಮಿ.ಮೀ. ಮಾತ್ರ ಆಗುತ್ತದೆ. ಸಣ್ಣ ಕೈಗೆ ಇದು ಹಿತ. ದೊಡ್ಡ ಕೈಯವರಿಗೆ ಕೋಲು ಹಿಡಿದಂತಾಗುತ್ತದೆ, ಅವರು ಅಡಿಯಲ್ಲಿ ಬಟ್ಟೆ ಟೇಪು ಎರಡು ಪದರ ಹಾಕಿಕೊಳ್ಳಬೇಕು.

ಹುರಿ ಎಷ್ಟು ಬೇಕು ಎನ್ನುವುದನ್ನು ಅಂದಾಜಿಗೆ ಬಿಡಬೇಡಿ. ಕೊನೆಯ ಹತ್ತು ಸುತ್ತಿಗೆ ಹುರಿ ಸಾಲದೆ ಹೋದರೆ ನಡುವೆ ಗಂಟು ಹಾಕಿ ಮುಂದುವರಿಸುವ ಹಾಗಿಲ್ಲ, ಪೂರ್ತಿ ಬಿಚ್ಚಬೇಕು. ಲೆಕ್ಕ ಸುಲಭ. ಪೈಪಿನ ವ್ಯಾಸಕ್ಕೆ ಹುರಿಯ ದಪ್ಪ ಕೂಡಿಸಿ 3.14ರಿಂದ ಗುಣಿಸಿದರೆ ಒಂದು ಸುತ್ತಿನ ಉದ್ದ. ಹಿಡಿಯ ಉದ್ದವನ್ನು ಹುರಿಯ ದಪ್ಪದಿಂದ ಭಾಗಿಸಿದರೆ ಸುತ್ತುಗಳ ಸಂಖ್ಯೆ. 22.2 ಮಿ.ಮೀ. ಪೈಪಿಗೆ 2 ಮಿ.ಮೀ. ಹುರಿಯಾದರೆ ಒಂದು ಸುತ್ತಿಗೆ 76 ಮಿ.ಮೀ.; 120 ಮಿ.ಮೀ. ಉದ್ದದ ಹಿಡಿಗೆ 60 ಸುತ್ತು, ಅಂದರೆ ಸುಮಾರು 4.6 ಮೀಟರ್. ತುದಿಗಳಿಗೆ, ಕೈಯಲ್ಲಿ ಹಿಡಿದು ಎಳೆಯುವುದಕ್ಕೆ ಅಂತ ಇನ್ನೊಂದು ಮೀಟರ್ ಸೇರಿಸಿ. ಒಂದು ಕಡೆಗೆ ಐದೂವರೆ ಮೀಟರ್, ಎರಡಕ್ಕೂ ಸೇರಿ 11. ಕೊಳ್ಳುವಾಗ 12 ಮೀಟರ್ ಕೊಳ್ಳಿ. 1.5 ಮಿ.ಮೀ. ಹುರಿಗೆ 80 ಸುತ್ತು, 6 ಮೀಟರಿನಷ್ಟು ಬರಿ ಸುತ್ತಿಗೇ ಹೋಗುತ್ತದೆ. 3 ಮಿ.ಮೀ. ಆದರೆ 40 ಸುತ್ತು, 3.2 ಮೀಟರ್ ಸಾಕು. ಅಡಿಯಲ್ಲಿ ಟೇಪು ಹಾಕಿದ್ದರೆ ಟೇಪಿನ ಮೇಲಿನ ವ್ಯಾಸವನ್ನು ಅಳೆದು ಲೆಕ್ಕ ಹಾಕಬೇಕು.

ದಪ್ಪದ ವಿಷಯದಲ್ಲಿ ನಮ್ಮ ಮತ 2 ಮಿ.ಮೀ.ಗೆ. 3 ಮಿ.ಮೀ. ಬೇಗ ಮುಗಿಯುತ್ತದೆ, ಆದರೆ ಏಣುಗಳು ಅಂಗೈಗೆ ಒತ್ತುತ್ತವೆ, ತುದಿ ಒಳಸೇರಿಸಿದ ಜಾಗ ಉಬ್ಬಿ ಕಾಣುತ್ತದೆ. 1.5ಕ್ಕಿಂತ ಸಣ್ಣದು ನೋಡಲು ಬಹಳ ಚೆಂದ, ಬಿಗಿಯಾಗಿ ಎಳೆಯುವಾಗ ಬೆರಳು ಕೊಯ್ಯುತ್ತದೆ.

ಯಾವ ನಾರು

ಅಂಗಡಿಯಲ್ಲಿ ‘ಸುತಳಿ’ ಅಂತ ಕೇಳಿದರೆ ಇವತ್ತು ಪ್ಲಾಸ್ಟಿಕ್ಕಿನದ್ದನ್ನೂ ಕೊಡುತ್ತಾರೆ, ಬಣ್ಣ ಸೆಣಬಿನಂತೆಯೇ ಇರುತ್ತದೆ. ಒಂದಿಂಚು ಕತ್ತರಿಸಿ ಬೆಂಕಿ ತೋರಿಸಿ. ಹತ್ತಿ, ಸೆಣಬು ಕಾಗದದ ಹಾಗೆ ಉರಿದು ಬೂದಿಯಾಗುತ್ತವೆ. ಪ್ಲಾಸ್ಟಿಕ್ ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ.

ಗೋಣಿಚೀಲದ ಸೆಣಬಿನ ಹುರಿ ಎಲ್ಲ ಕಡೆ ಸಿಗುತ್ತದೆ, ಅಗ್ಗ, ಆದ್ದರಿಂದ ಹೆಚ್ಚಿನವರು ಅದರಿಂದಲೇ ಶುರು ಮಾಡುತ್ತಾರೆ. ಹ್ಯಾಂಡಲ್‌ಗೆ ಅದು ಅಷ್ಟು ಒಳ್ಳೆಯದಲ್ಲ. ದಪ್ಪ ಒಂದೇ ಸಮ ಇರುವುದಿಲ್ಲ, ಒಂದು ಕಡೆ 2 ಇದ್ದದ್ದು ಅರ್ಧ ಮೀಟರ್ ಆಚೆ 3 ಆಗಿರುತ್ತದೆ. ಮೈತುಂಬ ಮುಳ್ಳಿನಂಥ ನವಿರು. ಗಿರಣಿಯಲ್ಲಿ ನಾರು ಮೆದುವಾಗಲೆಂದು ಖನಿಜ ಎಣ್ಣೆ ಹಾಕಿರುವುದರಿಂದ ಸೀಮೆಎಣ್ಣೆಯಂಥ ವಾಸನೆ ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ, ಸೆಣಬು ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ, ಬೇಗ ಕೊಳೆಯುತ್ತದೆ. ಹತ್ತಿ ಇದಕ್ಕೆ ಉಲ್ಟಾ: ಒದ್ದೆ ಹತ್ತಿದಾರ ಒಣದಾರಕ್ಕಿಂತ ಗಟ್ಟಿ. ಗಟ್ಟಿಯಾಗಿ ಹೊಸೆದ, ಮೂರೆಳೆ ಅಥವಾ ಅದಕ್ಕಿಂತ ಹೆಚ್ಚಿನ ಎಳೆಯ ಹತ್ತಿ ಹುರಿಯೇ ನಮ್ಮ ಕಡೆ ಸುಲಭವಾಗಿ ಸಿಗುವುದರಲ್ಲಿ ಒಳ್ಳೆಯ ಆಯ್ಕೆ. ಕ್ರಿಕೆಟ್ ಬ್ಯಾಟಿನ ಹಿಡಿಗೆ ಸುತ್ತುವ ದಾರವನ್ನೂ ಕೇಳಿ ನೋಡಬಹುದು. ಅದು ಸಣ್ಣ, ಸಮ, ಗಟ್ಟಿ. ಈಗ ಅದರಲ್ಲೂ ನೈಲಾನ್ ಬಂದಿದೆ, ಬೆಂಕಿ ಪರೀಕ್ಷೆ ಅಲ್ಲೂ ಆಗಬೇಕು.

ಕನ್ನಡದಲ್ಲಿ ಸೆಣಬು ಅಂದರೆ ಗೋಣಿಯ ಜೂಟೂ ಹೌದು, ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಹಳದಿ ಹೂವಿನ ಗಿಡವೂ ಹೌದು. ಆ ಎರಡನೆಯದರ ನಾರು ಜೂಟಿಗಿಂತ ನೀರಿಗೆ ತಾಳುತ್ತದೆ. ಹಳ್ಳಿಯಲ್ಲಿ ಅದರ ಹುರಿ ಹೊಸೆಯುವವರು ಇದ್ದರೆ ಕೇಳಿ ತನ್ನಿ, ಹತ್ತಿಗೆ ಸಮನಾಗಿ ನಿಲ್ಲುತ್ತದೆ. ತೆಂಗಿನ ನಾರು ಬೇಡವೇ ಬೇಡ, ಅಂಗೈ ತರಚುತ್ತದೆ. ಕತ್ತಾಳೆ ನಾರು ಪೆಡಸು, ಬೆವರುವ ಕೈಗೆ ಕೆರೆತ ತರುತ್ತದೆ. ಹೂ ಕಟ್ಟುವ ಬಾಳೆನಾರು ಕಟ್ಟುವುದಕ್ಕೆ ಸೈ, ಉಜ್ಜಾಟಕ್ಕೆ ತಾಳುವುದಿಲ್ಲ.

ಹುರಿಯನ್ನು ನೆನೆಸಿ ಸುತ್ತಿದರೆ ಒಣಗುವಾಗ ಬಿಗಿಯುತ್ತದೆ ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಅದು ಚರ್ಮದ ಮಾತು. ಮೃದಂಗದ ಬಾರನ್ನು ನೆನೆಸಿ ಬಿಗಿಯುವುದು ಸರಿ. ಹಸಿ ಚರ್ಮ ಒಣಗುತ್ತ ಕುಗ್ಗುತ್ತದೆ. ಹೊಸೆದ ನಾರಿನ ಗುಣ ಬೇರೆ. ಅಂಗಳದಲ್ಲಿ ಬಟ್ಟೆ ಒಣಹಾಕುವ ನಾರಿನ ಹಗ್ಗ ನೋಡಿ: ಮಳೆಗೆ ನೆನೆದಾಗ ಸೆಟೆದು ನಿಲ್ಲುತ್ತದೆ, ಬಿಸಿಲು ಬಂದ ಮೇಲೆ ಜೋತುಬೀಳುತ್ತದೆ. ನೀರು ಕುಡಿದ ಎಳೆಗಳು ಉಬ್ಬಿ, ಹೊಸೆತ ಬಿಗಿದು, ಹಗ್ಗ ಗಿಡ್ಡವಾಗುತ್ತದೆ; ಒಣಗಿದರೆ ಮತ್ತೆ ಉದ್ದವಾಗುತ್ತದೆ. ಹಾಗಾಗಿ ಒದ್ದೆ ಹುರಿ ಸುತ್ತಿದರೆ ಒಣಗಿದ ಮೇಲೆ ಸಡಿಲವಾಗುವುದೇ ನಿಶ್ಚಯ. ಒಣ ಹುರಿಯನ್ನೇ ಸುತ್ತಿ. ಮಳೆಗಾಲದಲ್ಲಾದರೆ ಹುರಿಯನ್ನು ಒಂದು ದಿನ ಬಿಸಿಲಿಗೋ ಅಡುಗೆಮನೆಯ ಬೆಚ್ಚನೆ ಜಾಗಕ್ಕೋ ಇಟ್ಟು ಆಮೇಲೆ ಕೆಲಸ ಹಿಡಿಯಿರಿ. ಹೊಸ ಹುರಿಗೆ ಎಳೆದಾಗ ಸ್ವಲ್ಪ ಹಿಗ್ಗುವ ಗುಣವೂ ಇರುತ್ತದೆ. ಒಂದು ತುದಿ ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದು ತುದಿಗೆ ಎರಡು-ಮೂರು ಕೆ.ಜಿ. ತೂಕ ತೂಗಿಬಿಟ್ಟು ಒಂದು ರಾತ್ರಿ ಬಿಟ್ಟರೆ ಆ ಹಿಗ್ಗು ಮೊದಲೇ ಹೋಗಿರುತ್ತದೆ.

ಪೈಪಿನ ತಯಾರಿ

ಹಳೇ ರಬ್ಬರ್ ಗ್ರಿಪ್ಪನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯುವುದೇ ಸುಲಭ. ಉಳಿಸಿಕೊಳ್ಳಬೇಕಿದ್ದರೆ ಅಡಿಗೆ ತೆಳ್ಳನೆ ಸ್ಕ್ರೂಡ್ರೈವರ್ ತೂರಿಸಿ ಸೋಪುನೀರು ಬಿಟ್ಟು ತಿರುವಿ ಎಳೆಯಿರಿ. ಪೈಪಿನ ಮೇಲಿನ ಜಿಗುಟನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಸೋಪು ಹಾಕಿ ತೊಳೆದು, ಒಣಗಿದ ಮೇಲೆ ಸ್ಪಿರಿಟ್ ಹಾಕಿದ ಬಟ್ಟೆಯಿಂದ ಇನ್ನೊಮ್ಮೆ ಒರೆಸಬೇಕು. ಎಣ್ಣೆಯ ಪಸೆ ಒಂದಿಷ್ಟು ಉಳಿದರೂ ಬಳೆ ತಿರುಗಾಟ ಶುರು. ತುಕ್ಕಿದ್ದರೆ ಎಮರಿ ಪೇಪರಿನಿಂದ ತಿಕ್ಕಿ ತೆಗೆಯಿರಿ. ಅಲ್ಯುಮಿನಿಯಂ ಹ್ಯಾಂಡಲ್ಲಿನಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಹುರಿಯ ವಿಚಾರ ಬಿಟ್ಟು ಹ್ಯಾಂಡಲ್ ಬದಲಿಸಿ.

ನುಣುಪಾದ ಕ್ರೋಮ್ ಮೇಲೆ ನೇರವಾಗಿ ಹುರಿ ಸುತ್ತಿದರೆ ಎಷ್ಟು ಬಿಗಿದರೂ ಜಾರುವ ಸಂಭವ ಇದೆ. ಎಲೆಕ್ಟ್ರಿಕಲ್ ಅಂಗಡಿಯ ಹಳೇ ನಮೂನೆಯ ಕಪ್ಪು ಬಟ್ಟೆ ಟೇಪು ಸಿಕ್ಕಿದರೆ ಒಂದು ಪದರ, ಅಂಚಿಗೆ ಅಂಚು ಕೂಡುವಂತೆ, ಒಂದರ ಮೇಲೊಂದು ಹತ್ತದಂತೆ ಸುತ್ತಿ. ಕ್ರೀಡಾಪಟುಗಳು ಕಾಲಿಗೆ ಸುತ್ತುವ ಬಿಳಿ ಹತ್ತಿ ಟೇಪೂ ಆಗುತ್ತದೆ. ಮಿಣುಗುವ ಪಿವಿಸಿ ಟೇಪು ಬೇಡ. ಬಿಸಿಲಿಗೆ ಅದರ ಅಂಟು ಕರಗಿ ಹುರಿಯ ಸಂದಿಯಿಂದ ಹೊರಗೆ ಜಿನುಗುತ್ತದೆ, ಟೇಪೇ ಜಾರುತ್ತದೆ. ಹಳೇ ಟ್ಯೂಬಿನ ತುಂಡನ್ನು ಮೆತ್ತೆಯಾಗಿ ಹಾಕುವ ಆಸೆ ಬಹಳ ಜನಕ್ಕೆ. ಅದೂ ಬೇಡ. ರಬ್ಬರ್ ಅಡಿಯಲ್ಲಿದ್ದರೆ ಪ್ರತಿ ಹೊಸ ಸುತ್ತು ಅದನ್ನು ಒತ್ತಿ ಕುಗ್ಗಿಸುತ್ತದೆ, ಆಗ ಹಿಂದಿನ ಸುತ್ತಿನ ಬಿಗಿ ಕಡಿಮೆಯಾಗುತ್ತದೆ. ಕೊನೆಯ ಸುತ್ತು ಮುಗಿಸುವಾಗ ಮೊದಲ ಹತ್ತು ಸುತ್ತು ಬೆರಳಲ್ಲಿ ಸರಿಸಿದರೆ ಸರಿಯುತ್ತವೆ.

ಪೈಪಿನ ತೆರೆದ ತುದಿಗೆ ಬಿರಡೆ ಹಾಕದೆ ಯಾವ ಸೈಕಲ್ಲನ್ನೂ ರಸ್ತೆಗೆ ಇಳಿಸಬಾರದು. ಬಿದ್ದಾಗ ತೆರೆದ ಪೈಪು ಹೊಟ್ಟೆಗೋ ತೊಡೆಗೋ ಅಚ್ಚು ಒತ್ತಿದಂತೆ ಚುಚ್ಚುತ್ತದೆ. ರಬ್ಬರ್ ಗ್ರಿಪ್ಪಿನಲ್ಲಿ ಮುಚ್ಚಿದ ತುದಿ ಇರುವುದೇ ಇದಕ್ಕೆ. ಪೈಪಿನ ಒಳವ್ಯಾಸ ಸಾಮಾನ್ಯವಾಗಿ 18–19 ಮಿ.ಮೀ. ಬಾಟಲಿಯ ಕಾರ್ಕನ್ನು ಕೆತ್ತಿ ಬಿಗಿಯಾಗಿ ಹೊಡೆಯಬಹುದು. ಅದಕ್ಕಿಂತ ಒಳ್ಳೆಯದು ಬಡಗಿಯ ಹತ್ತಿರ ಕಡೆಸಿದ ಮರದ ಬಿರಡೆ: ಒಳಹೋಗುವ ಭಾಗ 25 ಮಿ.ಮೀ. ಉದ್ದ, ಹೊರಗೆ 26 ಮಿ.ಮೀ. ಅಗಲದ ಅಂಚು. ಆ ಅಂಚು ಹುರಿಯ ಮೊದಲ ಸುತ್ತು ತುದಿಯಿಂದ ಜಾರಿ ಬೀಳದಂತೆ ಗೋಡೆಯ ಕೆಲಸವನ್ನೂ ಮಾಡುತ್ತದೆ.

ಬ್ರೇಕ್ ಲಿವರಿನ ಪಟ್ಟಿ, ಬೆಲ್ಲಿನ ಪಟ್ಟಿ ಕೂರುವ ಜಾಗದಲ್ಲಿ ಹುರಿ ಬರಬಾರದು. ಅವು ಬರಿ ಪೈಪಿನ ವ್ಯಾಸಕ್ಕೆ ಮಾಡಿದವು. ಹುರಿ ಲಿವರಿನ ಹೊರಗಷ್ಟೇ. ರಾಡ್ ಬ್ರೇಕಿನ ಕರಿ ಸೈಕಲ್ಲಿನಲ್ಲಿ ಇನ್ನೊಂದು ಎಚ್ಚರ ಬೇಕು: ಅದರ ಲಿವರ್ ಹಿಡಿಯ ಅಡಿಯಲ್ಲೇ ಹಾದುಹೋಗುತ್ತದೆ. ಸುತ್ತುವ ಮೊದಲು ಬ್ರೇಕ್ ಪೂರ್ತಿ ಎಳೆದು, ಲಿವರಿಗೂ ಪೈಪಿಗೂ ನಡುವೆ ಎಷ್ಟು ಸಂದಿ ಉಳಿಯುತ್ತದೆ ನೋಡಿ. ಬ್ರೇಕ್ ಕಚ್ಚುವ ಮೊದಲೇ ಲಿವರ್ ಹುರಿಗೆ ತಾಗುವಂತಿದ್ದರೆ ಸಣ್ಣ ಹುರಿ ಆರಿಸಬೇಕು, ಇಲ್ಲವೇ ಬ್ರೇಕನ್ನು ಬಿಗಿ ಮಾಡಿಸಬೇಕು.

ಸುತ್ತುವುದು

ಹೊರತುದಿಯಿಂದ ಶುರು, ಒಳಗಡೆ ಮುಕ್ತಾಯ. ಮುಕ್ತಾಯದ ತುದಿ ಹೆಬ್ಬೆರಳಿನ ಹತ್ತಿರ, ಅಂಗೈ ಹೆಚ್ಚು ಉಜ್ಜದ ಕಡೆ ಬರಲಿ ಎನ್ನುವುದಕ್ಕೆ ಈ ಕ್ರಮ.

ಹುರಿಯ ಮೊದಲ 7 ಸೆಂ.ಮೀ. ಎಳೆ ಬಿಚ್ಚಿ, ಚಾಕುವಿನ ಅಂಚಿನಿಂದ ಕೆರೆದು, ಕೊನೆಗೆ ಬರುತ್ತ ತೆಳ್ಳಗಾಗುವಂತೆ ಮಾಡಿ. ಇದನ್ನು ಬಿಟ್ಟರೆ ಅಡಿಯಲ್ಲಿ 2 ಮಿ.ಮೀ. ಏಣು ನಿಂತು ಮೇಲಿನ ಸುತ್ತುಗಳು ಅಲ್ಲಿ ಗೂನು ಬೀಳುತ್ತವೆ. ಹೀಗೆ ಚಪ್ಪಟೆ ಮಾಡಿದ ತುದಿಯನ್ನು ಪೈಪಿನ ಉದ್ದಕ್ಕೆ, ಸುತ್ತು ಸಾಗುವ ದಿಕ್ಕಿಗೇ ಮುಖ ಮಾಡಿ ಮಲಗಿಸಿ, ಅದರ ಮೇಲೆಯೇ ಬಿರಡೆಯ ಅಂಚಿಗೆ ತಾಗಿದಂತೆ ಮೊದಲ ಸುತ್ತು ಹಾಕಿ. ಆ ತುದಿ ಎಲ್ಲಿರಬೇಕು ಎನ್ನುವುದೂ ಮುಖ್ಯ: ಮೇಲ್ಭಾಗದಲ್ಲಿ ಅಂಗೈ ಭಾರ ಬೀಳುತ್ತದೆ, ಆದ್ದರಿಂದ ತುದಿ ಮುಂಭಾಗದ ಅಡಿಯಲ್ಲಿ, ಬೆರಳುಗಳು ಮಡಿಚುವ ಕಡೆ ಇರಲಿ. ಮೊದಲ ಐದು ಸುತ್ತು ಹಾಕಿದ ಮೇಲೆ ನಿಂತು, ತುದಿಯನ್ನು ಎಳೆದು ಬಿಗಿ ನೋಡಿ. ಇಲ್ಲಿ ಸಡಿಲ ಇದ್ದರೆ ಮುಂದೆ ಎಲ್ಲೂ ಸರಿಹೋಗುವುದಿಲ್ಲ.

ಹ್ಯಾಂಡಲ್ ಬಿಚ್ಚಿ ಕೈಗೆ ತೆಗೆದುಕೊಳ್ಳಲು ಆಗುವುದಾದರೆ ಸುತ್ತುವ ಕೆಲಸ ಅರ್ಧಕ್ಕರ್ಧ ಸುಲಭ. ಹುರಿಯ ಇನ್ನೊಂದು ತುದಿಯನ್ನು ಕಿಟಕಿ ಸರಳಿಗೋ ಕಂಬಕ್ಕೋ ಕಟ್ಟಿ, ಹುರಿ ಸೆಟೆಯುವಷ್ಟು ಹಿಂದೆ ಸರಿದು ನಿಂತು, ಎರಡು ಕೈಯಲ್ಲೂ ಹ್ಯಾಂಡಲ್ ಹಿಡಿದು, ಮೈಯ ಭಾರವನ್ನು ಸ್ವಲ್ಪ ಹಿಂದಕ್ಕೆ ಬಿಟ್ಟು ಹ್ಯಾಂಡಲ್ಲನ್ನೇ ತಿರುಗಿಸುತ್ತ ಕಂಬದ ಕಡೆ ನಡೆಯುತ್ತ ಹೋಗಿ. ಆರು ಮೀಟರ್ ಜಾಗ ಬೇಕು, ಜಗಲಿಯೋ ಕಾರಿಡಾರೋ ಇದ್ದರೆ ಸಾಕು. ಬಿಗಿ ಮೊದಲಿನಿಂದ ಕೊನೆವರೆಗೆ ಒಂದೇ ಸಮ ಬರುವುದು ಈ ವಿಧಾನದಲ್ಲಿ ಮಾತ್ರ. ಬೆರಳಿಗೆ ಗಾಯವೂ ಇಲ್ಲ. ರಾಡ್ ಬ್ರೇಕಿನ ಸೈಕಲ್ಲಿನಲ್ಲಿ ಹ್ಯಾಂಡಲ್ ಬಿಚ್ಚುವುದು ತಲೆನೋವು. ಅಲ್ಲಿ ಸೈಕಲ್ ಮೇಲೆಯೇ ಸುತ್ತಬೇಕು. ಐದೂವರೆ ಮೀಟರ್ ಹುರಿಯನ್ನು ಬೆರಳುದ್ದದ ಕಡ್ಡಿಗೆ ಸುತ್ತಿಕೊಂಡರೆ ಲಿವರಿನ ಸಂದಿಯಲ್ಲಿ ತೂರಿಸಿ ತೆಗೆಯಲು ಬರುತ್ತದೆ. ಎಳೆಯುವ ಕೈಗೆ ಹಳೇ ಬಟ್ಟೆ ಸುತ್ತಿಕೊಳ್ಳಿ.

ಹುರಿಯ ಉಂಡೆಯನ್ನು ನೆಲದ ಮೇಲಿಟ್ಟು ತುದಿಯಿಂದ ಎಳೆಯುತ್ತ ಹೋದರೆ ಉಂಡೆಯ ಪ್ರತಿ ಸುತ್ತಿಗೂ ಹುರಿಗೆ ಒಂದು ತಿರುಚು ಸೇರುತ್ತದೆ ಅಥವಾ ಕಳೆಯುತ್ತದೆ. ಸೇರಿದರೆ ಹುರಿ ಗುಂಗುರು ಗುಂಗುರಾಗಿ ಗಂಟು ಬೀಳುತ್ತದೆ. ಕಳೆದರೆ ಎಳೆಗಳು ಬಿಚ್ಚಿ ಹುರಿ ಚಪ್ಪಟೆಯಾಗಿ, ಆ ಜಾಗದಲ್ಲಿ ಬೇಗ ಸವೆಯುತ್ತದೆ. ಸೈಕಲ್ ಮೇಲೆ ಸುತ್ತುವಾಗ ಹತ್ತು ಸುತ್ತಿಗೊಮ್ಮೆ, ಹಾಕಿದ ಸುತ್ತನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಕಡ್ಡಿಯನ್ನು ಜೋತುಬಿಡಿ. ಅದು ತಾನಾಗಿ ತಿರುಗಿ ಸರಿಯಾಗುತ್ತದೆ.

ಐದೈದು ಸುತ್ತಿಗೆ ಹೆಬ್ಬೆರಳ ಉಗುರಿನಿಂದ, ಇಲ್ಲವೇ ಮರದ ಚಪ್ಪಟೆ ಕಡ್ಡಿಯಿಂದ ಸುತ್ತುಗಳನ್ನು ಹಿಂದಕ್ಕೆ ತಳ್ಳಿ ಕೂರಿಸುತ್ತ ಬನ್ನಿ. ಸ್ಕ್ರೂಡ್ರೈವರ್ ಬೇಡ, ಎಳೆ ಹರಿಯುತ್ತದೆ. ಇಪ್ಪತ್ತು ಸುತ್ತು ಆದಮೇಲೆ ಒಂದು ಪರೀಕ್ಷೆ: ಹುರಿಯ ಮೇಲೆ ಹೆಬ್ಬೆರಳಿಟ್ಟು ಬಲವಾಗಿ ಪಕ್ಕಕ್ಕೆ ನೂಕಿ. ಸಂದಿ ಬಿಟ್ಟು ಪೈಪು ಅಥವಾ ಟೇಪು ಕಂಡರೆ ಬಿಗಿ ಸಾಲದು. ಬಿಚ್ಚಿ ಮತ್ತೆ ಸುತ್ತುವುದಕ್ಕೆ ಇದೇ ಸಮಯ. ಮುಗಿದ ಮೇಲೆ ಬಿಚ್ಚಲು ಯಾರಿಗೂ ಮನಸ್ಸು ಬರುವುದಿಲ್ಲ.

ಕೊನೆಯ ಹತ್ತು ಸುತ್ತು ಉಳಿದಿರುವಾಗ ಕುಣಿಕೆ ಇಡುವ ಸಮಯ. ಒಂದಡಿ ಉದ್ದದ ಗಟ್ಟಿ ಸಣ್ಣ ದಾರವನ್ನು, ಮೀನಿನ ಗಾಳದ ನೈಲಾನ್ ಆದರೆ ಬಹಳ ಒಳ್ಳೆಯದು, ಎರಡಾಗಿ ಮಡಿಚಿ ಪೈಪಿನ ಮೇಲೆ ಮಲಗಿಸಿ. ಮಡಿಕೆಯ ಕಡೆ ಮುಂದಕ್ಕೆ, ಅಂದರೆ ಇನ್ನೂ ಸುತ್ತದಿರುವ ಕಡೆಗೆ ಚಾಚಿರಬೇಕು. ಎರಡು ತುದಿ ಹಿಂದಕ್ಕೆ, ಸುತ್ತಿ ಮುಗಿದ ಭಾಗದ ಮೇಲೆ ಬಿದ್ದಿರಬೇಕು. ಈ ದಾರದ ಮೇಲೆಯೇ ಎಂಟು-ಹತ್ತು ಸುತ್ತು ಹಾಕಿ. ಸುತ್ತು ಬಿಚ್ಚದಂತೆ ಹೆಬ್ಬೆರಳಲ್ಲಿ ಅದುಮಿ ಹಿಡಿದು, ಹುರಿಯನ್ನು 10 ಸೆಂ.ಮೀ. ಉಳಿಸಿ ಕತ್ತರಿಸಿ, ಆ ತುದಿಯನ್ನು ಕೆರೆದು ತೆಳ್ಳಗೆ ಮಾಡಿ, ಕುಣಿಕೆಯೊಳಗೆ ತೂರಿಸಿ. ದಾರದ ಎರಡು ತುದಿಗಳನ್ನು ಕಡ್ಡಿಗೆ ಸುತ್ತಿಕೊಂಡು ನಿಧಾನಕ್ಕೆ, ಬಿಡದೆ ಎಳೆಯಿರಿ. ಹುರಿಯ ತುದಿ ಹತ್ತು ಸುತ್ತಿನ ಅಡಿಯಲ್ಲಿ ನುಸುಳಿ ಹೊರಬರುತ್ತದೆ. ಅದನ್ನು ಹಿಡಿದು ಇನ್ನೊಮ್ಮೆ ಬಿಗಿ ಎಳೆದು, ಬ್ಲೇಡಿನಿಂದ ಮಟ್ಟಸವಾಗಿ ಕತ್ತರಿಸಿ. ಸುತ್ತುಗಳನ್ನು ಉಗುರಲ್ಲಿ ಕೂಡಿಸಿದರೆ ತುದಿ ಎಲ್ಲಿದೆ ಎಂದು ಹುಡುಕಬೇಕು.

ಇಲ್ಲಿ ತಪ್ಪುವುದು ಎರಡು. ಹತ್ತರ ಬದಲು ಹದಿನೈದು, ಇಪ್ಪತ್ತು ಸುತ್ತು ಹಾಕಿದರೆ ಉಜ್ಜುವಿಕೆ ಹೆಚ್ಚಿ ಕುಣಿಕೆಯ ದಾರ ಕಡಿದುಹೋಗುತ್ತದೆ. ಅದಕ್ಕೆ ಹೆದರಿ ಕೊನೆಯ ಹತ್ತು ಸುತ್ತನ್ನು ಸಡಿಲ ಹಾಕಿದರೆ ತುದಿ ಸರಾಗ ಬರುತ್ತದೆ, ತಿಂಗಳೊಳಗೆ ಅಷ್ಟೇ ಸರಾಗವಾಗಿ ಹೊರಗೂ ಬರುತ್ತದೆ. ಬಿಗಿ ಬಿಡಬೇಡಿ, ತುದಿಯನ್ನು ತೆಳ್ಳಗೆ ಮಾಡಿ. ಗಂಟು ಹಾಕಿ ಅಂಟು ಮೆತ್ತುವವರೂ ಇದ್ದಾರೆ. ಆ ಗಂಟು ಹೆಬ್ಬೆರಳ ಬುಡಕ್ಕೆ ಬೊಬ್ಬೆ ತರುತ್ತದೆ.

ಇನ್ನೊಂದು ಬಗೆ ಇದೆ: ಪ್ರತಿ ಸುತ್ತಿನಲ್ಲೂ ಹುರಿಯನ್ನು ಅದರದೇ ಅಡಿಯಿಂದ ತೂರಿಸಿ ಅರ್ಧ ಗಂಟು ಹಾಕುತ್ತ ಹೋಗುವುದು. ಗಂಟುಗಳು ಸಾಲಾಗಿ ಪೈಪಿನ ಸುತ್ತ ಬಳ್ಳಿ ಹಬ್ಬಿದಂತೆ ತಿರುಚಿಕೊಂಡು ಏರುತ್ತವೆ. ಸಮಯ ಎರಡು ಪಟ್ಟು, ಹುರಿ ಐದರಲ್ಲಿ ಒಂದು ಪಾಲು ಹೆಚ್ಚಿಗೆ ಇಟ್ಟುಕೊಳ್ಳಿ. ನೋಟಕ್ಕಾಗಿ ಬಲ-ಎಡ ಹಿಡಿಗಳಲ್ಲಿ ಏಣು ಒಂದಕ್ಕೊಂದು ಎದುರು ದಿಕ್ಕಿಗೆ ತಿರುಗುವಂತೆ ಮಾಡುತ್ತಾರೆ. ಇದರ ನಿಜವಾದ ಗುಣ ಬೇರೆ: ಪ್ರತಿ ಸುತ್ತೂ ತನ್ನಷ್ಟಕ್ಕೆ ಬಂಧಿ. ಸರಳ ಸುತ್ತಿನಲ್ಲಿ ಒಂದು ಕಡೆ ಹುರಿ ಕಡಿದರೆ ಎಲ್ಲ ಬಿಚ್ಚಿಕೊಳ್ಳುತ್ತದೆ, ಇಲ್ಲಿ ಆ ಎರಡು ಸುತ್ತಿಗೆ ಮುಗಿಯುತ್ತದೆ. ಒದ್ದೆ ಕೈಗೂ ಏಣು ಹಿಡಿತ ಕೊಡುತ್ತದೆ. ದೂರದ ದಾರಿಗೆ ಮಾತ್ರ ಆ ಏಣೇ ಶತ್ರು.

ಅರಗು

ಸುತ್ತಿ ಮುಗಿದ ಮೇಲೆ ನವಿರು ಎದ್ದಿದ್ದರೆ ಲೈಟರಿನ ಜ್ವಾಲೆಯನ್ನು ಒಂದು ಕಡೆ ನಿಲ್ಲಿಸದೆ ಸರ್ರನೆ ಸುತ್ತ ಆಡಿಸಿ ಸುಟ್ಟುಬಿಡಿ, ಚಮಚದ ಬೆನ್ನಿನಿಂದ ಉಜ್ಜಿ. ಇದನ್ನು ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆಯುವ ಮೊದಲೇ ಮುಗಿಸಬೇಕು.

ಬಡಗಿಗಳು ಫ್ರೆಂಚ್ ಪಾಲಿಷ್‌ಗೆ ಬಳಸುವ ಅರಗಿನ ಚಕ್ಕೆಯೇ ಇದಕ್ಕೆ ಒಪ್ಪುವ ಲೇಪ. ಮುತ್ತುಗ, ಬೋರೆಯಂಥ ಮರಗಳ ಮೇಲೆ ಅರಗಿನ ಹುಳ ಕಟ್ಟುವ ಅಂಟು ಇದು. ನಮ್ಮ ದೇಶದಲ್ಲಿ ಜಾರ್ಖಂಡ್ ಇದಕ್ಕೆ ಹೆಸರಾದ ನಾಡು. ಚನ್ನಪಟ್ಟಣದ ಗೊಂಬೆಗಳ ಮೇಲಿನ ಹೊಳಪೂ ಅರಗಿನದೇ. ಅಲ್ಲಿ ಬಣ್ಣ ಸೇರಿಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ, ಉಜ್ಜಾಟದ ಶಾಖದಲ್ಲೇ ಕರಗಿಸಿ ಹಚ್ಚುತ್ತಾರೆ. ಹುರಿಗೆ ಆ ವಿಧಾನ ಬರುವುದಿಲ್ಲ, ಸ್ಪಿರಿಟ್ಟಿನಲ್ಲಿ ಕರಗಿಸಿ ಬಳಿಯಬೇಕು. ವಿದೇಶದಲ್ಲೂ ಇದಕ್ಕೆ ಅಭಿಮಾನಿಗಳಿದ್ದಾರೆ. 1994ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ರಿವೆಂಡೆಲ್ ಬೈಸಿಕಲ್ ವರ್ಕ್ಸ್‌ನ ಸೈಕಲ್ಲುಗಳ ಗುರುತುಗಳಲ್ಲಿ ಹತ್ತಿ ಟೇಪು, ತುದಿಗೆ ಹುರಿ, ಮೇಲೆ ಅರಗು ಎಂಬ ಜೋಡಣೆಯೂ ಒಂದು.

ಅಳತೆ: 100 ಮಿ.ಲೀ. ಪಾಲಿಷ್ ಸ್ಪಿರಿಟ್‌ಗೆ 20 ಗ್ರಾಂ ಚಕ್ಕೆ. ಎರಡು ಹಿಡಿಗೆ ಬಳಿದು ಮಿಗುತ್ತದೆ. ಗಾಜಿನ ಬಾಟಲಿಯಲ್ಲಿ ಹಾಕಿ ಮುಚ್ಚಿ ರಾತ್ರಿಯಿಡೀ ಬಿಡಿ, ಆಗಾಗ ಅಲ್ಲಾಡಿಸಿ, ಬೆಳಗ್ಗೆ ಹಳೇ ಪಂಚೆ ಬಟ್ಟೆಯಲ್ಲಿ ಸೋಸಿ. ಕಬ್ಬಿಣದ ಡಬ್ಬಿಯಲ್ಲಿಟ್ಟರೆ ಕಪ್ಪಾಗುತ್ತದೆ. ಟರ್ಪೆಂಟೈನಿನಲ್ಲಿ ಕರಗುವುದಿಲ್ಲ. ಬಾಟಲಿಯ ಮೇಲೆ ತಾರೀಕು ಬರೆಯಿರಿ. ಕರಗಿಸಿದ ಅರಗು ದಿನಗಳೆದಂತೆ ಒಣಗುವ ಗುಣ ಕಳೆದುಕೊಳ್ಳುತ್ತದೆ. ಆರು ತಿಂಗಳು ದಾಟಿದ್ದನ್ನು ಗಾಜಿನ ಮೇಲೆ ಒಂದು ಹನಿ ಹಾಕಿ ನೋಡಿ, ಮಾರನೇ ದಿನವೂ ಉಗುರಿಗೆ ಅಂಟಿದರೆ ಚೆಲ್ಲಿ. ಪಾಲಿಷ್ ಸ್ಪಿರಿಟ್ ಕುಡಿದರೆ ವಿಷ, ಹಬೆಯೂ ಒಳ್ಳೆಯದಲ್ಲ, ಕಿಡಿ ಬಿದ್ದರೆ ಭಗ್ಗನೆ ಹತ್ತುತ್ತದೆ. ಗಾಳಿ ಆಡುವ ಕಡೆ, ಒಲೆಯಿಂದ ದೂರ ಕೆಲಸ ಮಾಡಬೇಕು.

ಅರ್ಧ ಇಂಚಿನ ಬ್ರಷ್‌ನಲ್ಲಿ ತೆಳ್ಳಗೆ ಬಳಿಯಿರಿ. ಮೊದಲ ಕೋಟನ್ನು ಹತ್ತಿ ಪೂರ್ತಿ ಕುಡಿದುಬಿಡುತ್ತದೆ. ಒಂದು ಗಂಟೆ ಬಿಟ್ಟು ಎರಡನೆಯದು, ಇನ್ನೊಂದು ಗಂಟೆ ಬಿಟ್ಟು ಮೂರನೆಯದು. ಬಿಳಿ ಹುರಿ ಮೊದಲು ಜೇನುಬಣ್ಣಕ್ಕೆ, ಆಮೇಲೆ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಮೂರಕ್ಕೆ ನಿಲ್ಲಿಸಿ. ಐದಾರು ಕೋಟ್ ಬಳಿದರೆ ಸುತ್ತುಗಳ ನಡುವಿನ ತಗ್ಗು ತುಂಬಿ ಗಾಜಿನಂತೆ ಮಿಣುಗುತ್ತದೆ, ಬೆವರಿದ ಕೈ ಜಾರುತ್ತದೆ. ಅಷ್ಟು ಕಷ್ಟಪಟ್ಟು ಹುರಿ ಸುತ್ತಿ ಕೊನೆಗೆ ಪ್ಲಾಸ್ಟಿಕ್ ಹಿಡಿದ ಹಾಗೆ. ಒಂದು ಪೂರ್ತಿ ದಿನ ಒಣಗಲು ಬಿಟ್ಟು ಆಮೇಲೆ ಸೈಕಲ್ ಹತ್ತಿ.

ಅರಗಿಗೆ ಕೆಲವು ವೈರಿಗಳು. ಮೋಡ ಮುಸುಕಿದ ತೇವದ ದಿನ ಬಳಿದರೆ ಬೆಳ್ಳಗೆ ಮಂಜು ಕಟ್ಟಿದಂತಾಗುತ್ತದೆ. ಒಣ ದಿನ ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒಮ್ಮೆ ಸವರಿದರೆ ಹೋಗುತ್ತದೆ. ಏಪ್ರಿಲ್, ಮೇ ಬಿಸಿಲಲ್ಲಿ ಗಂಟೆಗಟ್ಟಲೆ ನಿಂತರೆ ಮೆತ್ತಗಾಗುತ್ತದೆ. ಸೋಪು, ಸೋಡಾ ನೀರು ಅದನ್ನು ತಿನ್ನುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈ ಒಣಗುವ ಮೊದಲೇ ಹ್ಯಾಂಡಲ್ ಹಿಡಿದರೆ ಅಂಗೈಯ ಅಚ್ಚು ಬೀಳುತ್ತದೆ, ಅದರಲ್ಲಿರುವುದೂ ಸ್ಪಿರಿಟ್ಟಿನಂತೆ ಆಲ್ಕೋಹಾಲೇ. ಸಮಾಧಾನದ ವಿಷಯ ಅಂದರೆ ಹೊಸ ಕೋಟು ಹಳೆಯದನ್ನು ಕರಗಿಸಿ ಅದರಲ್ಲೇ ಬೆರೆಯುತ್ತದೆ, ಹಾಗಾಗಿ ಕೆರೆದು ತೆಗೆಯದೆ ವರ್ಷಕ್ಕೊಮ್ಮೆ ಮೇಲೆ ಬಳಿದರಾಯಿತು.

ಅರಗು ಬೇಡವೆನ್ನುವವರಿಗೆ ಜೇನುಮೇಣ ಇದೆ. ಸುತ್ತುವ ಮೊದಲೇ ಹುರಿಯನ್ನು ಮೇಣದ ಗಟ್ಟಿಯ ಮೇಲೆ ಎರಡು ಸಲ ಎಳೆದರೆ ನವಿರು ಕೂರುತ್ತದೆ, ಸುತ್ತುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಆದರೆ ಮೇಣ ಹಚ್ಚಿದ ಹುರಿಗೆ ಅರಗು ಹಿಡಿಯುವುದಿಲ್ಲ, ಎರಡರಲ್ಲಿ ಒಂದು ಆರಿಸಬೇಕು. ಅಗಸೆ ಎಣ್ಣೆಯೂ ಒಣಗಿ ಪದರ ಕಟ್ಟುತ್ತದೆ; ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಕಾವೇರಿ ಬೆಂಕಿ ಹತ್ತಬಹುದು, ಬಿಡಿಸಿ ಹರವಿ ಒಣಗಿಸಿ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಎಂದೂ ಒಣಗುವುದಿಲ್ಲ, ಧೂಳು ಹಿಡಿದು ಜಿಡ್ಡಾಗುತ್ತವೆ.

ರೇಸ್ ಹ್ಯಾಂಡಲ್ ಪೂರ್ತಿ ಹುರಿಯಿಂದಲೇ ಸುತ್ತುವ ಉತ್ಸಾಹ ಇದ್ದರೆ ಲೆಕ್ಕ ಹಾಕಿ ನೋಡಿ: ಒಂದು ಕಡೆ 60 ಸೆಂ.ಮೀ. ಅಂದರೆ 2 ಮಿ.ಮೀ. ಹುರಿಗೆ 300 ಸುತ್ತು, 24 ಮೀಟರಿಗಿಂತ ಹೆಚ್ಚು. ಅಷ್ಟು ಸಾಲದೆಂಬಂತೆ ಬಾಗಿನಲ್ಲಿ ಒಳಮೈ ಗಿಡ್ಡ, ಹೊರಮೈ ಉದ್ದ. 70 ಮಿ.ಮೀ. ತ್ರಿಜ್ಯದ ಬಾಗಿನಲ್ಲಿ ಒಳಗಡೆ ಸುತ್ತುಗಳು ಒತ್ತಿಕೊಂಡಿದ್ದರೂ ಹೊರಗಡೆ ಒಂದೊಂದರ ನಡುವೆ ಹೆಚ್ಚುಕಡಿಮೆ 1 ಮಿ.ಮೀ. ಸಂದಿ ಬಿಡುತ್ತದೆ, ಕೈ ತಾಗಿದಾಗಲೆಲ್ಲ ಅಲ್ಲಿ ಸರಿಯುತ್ತದೆ. ಆ ಹ್ಯಾಂಡಲ್ಲಿಗೆ ಹತ್ತಿ ಟೇಪೇ ಸರಿ. ತುದಿಯಿಂದ ನಡುವಿನ ಕಡೆಗೆ ಟೇಪು ಸುತ್ತಿ, ಮುಗಿಯುವ ಕಡೆ ಮಾತ್ರ 1.5 ಮಿ.ಮೀ. ಹುರಿಯಿಂದ ಹದಿನೈದು ಸುತ್ತು ಹಾಕಿ, ಕೊನೆಯ ಹತ್ತರ ಅಡಿಯಲ್ಲಿ ಮೇಲೆ ಹೇಳಿದ ಕುಣಿಕೆ ಇಟ್ಟು ಕಟ್ಟಿ. ಒಂದೂವರೆ ಮೀಟರ್ ಹುರಿಯಲ್ಲಿ ಮುಗಿಯುತ್ತದೆ. ಹೊಸಬರು ಕುಣಿಕೆ ಕಲಿಯುವುದಕ್ಕೂ ಇದೇ ಒಳ್ಳೆಯ ಜಾಗ.

ಮಲೆನಾಡು, ಕರಾವಳಿಯ ಮಳೆಗಾಲವನ್ನು ಹುರಿಯ ಹಿಡಿ ಸುಲಭದಲ್ಲಿ ಗೆಲ್ಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಾ ನೆನೆದು ಒಣಗದೆ ಉಳಿದರೆ ಅರಗಿದ್ದರೂ ಬೂಷ್ಟು ಬರುತ್ತದೆ. ಸೈಕಲ್ಲನ್ನು ಗಾಳಿಯಾಡುವ ಕಡೆ ನಿಲ್ಲಿಸಿ, ಹ್ಯಾಂಡಲ್‌ಗೆ ಪ್ಲಾಸ್ಟಿಕ್ ಚೀಲ ಕಟ್ಟಬೇಡಿ. ಒಳಗಿನ ತೇವ ಒಳಗೇ ಉಳಿದು ಇನ್ನೂ ಬೇಗ ಕೆಡುತ್ತದೆ. ಬೂಷ್ಟು ಮೇಲ್ಮೈಯಲ್ಲಷ್ಟೇ ಇದ್ದರೆ ಸ್ಪಿರಿಟ್ ಬಟ್ಟೆಯಿಂದ ಒರೆಸಿ, ಒಣಗಿಸಿ, ಒಂದು ಕೋಟ್ ಅರಗು ಬಳಿಯಿರಿ. ಉಗುರಲ್ಲಿ ಕೆರೆದಾಗ ಎಳೆ ಪುಡಿಪುಡಿಯಾಗಿ ಬಂದರೆ ಬಿಚ್ಚುವ ಕಾಲ ಬಂದಿದೆ.

ಬಿಚ್ಚುವಾಗ ಬ್ಲೇಡಿನಿಂದ ಅಡಿಭಾಗದಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದರೆ ಹುರಿಯೆಲ್ಲ ಸಿಪ್ಪೆಯಂತೆ ಕಳಚಿ ಬರುತ್ತದೆ. ಬ್ಲೇಡನ್ನು ಪೈಪಿಗೆ ತಾಗಿಸಬೇಡಿ. ಅಲ್ಯುಮಿನಿಯಂ ಮೇಲೆ ಗೀರು ಬಿದ್ದ ಜಾಗದಲ್ಲೇ ಮುಂದೆ ಬಿರುಕು ಹುಟ್ಟುತ್ತದೆ. ಪೈಪಿನ ಮೇಲೆ ಉಳಿದ ಅರಗನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ತುಕ್ಕನ್ನು ನೋಡಿ. ಬೆವರಿನ ಉಪ್ಪು ಹುರಿಯ ಅಡಿಯಲ್ಲಿ ಕೂತು ಕ್ರೋಮನ್ನು ತಿಂದಿರುವುದು ಹೆಚ್ಚಾಗಿ ಒಳತುದಿಯ ಕಡೆ, ಹೆಬ್ಬೆರಳು ಬರುವಲ್ಲಿ. ಚುಕ್ಕೆ ಚುಕ್ಕೆ ಇದ್ದರೆ ಎಮರಿಯಿಂದ ತಿಕ್ಕಿ, ಪೈಪಿಗೇ ಒಂದು ಕೋಟ್ ಅರಗು ಬಳಿದು, ಒಣಗಿದ ಮೇಲೆ ಟೇಪು ಹಾಕಿ ಮತ್ತೆ ಸುತ್ತಬಹುದು. ಪದರ ಎದ್ದು ಬರುವಷ್ಟು ತುಕ್ಕಿದ್ದರೆ ಆ ಪೈಪನ್ನು ಹುರಿಯಲ್ಲಿ ಮುಚ್ಚಬೇಡಿ.